ಬೆರಕೆಯಿಂದ ಬಲಗೊಳ್ಳುವ ಎಣ್ಣೆ

ಟ್ರಾನ್ಸ್‌ಫಾರ್ಮರಿನೊಳಗಿನ ಎಣ್ಣೆ ಎಷ್ಟು ಶುದ್ಧವಾಗಿರುತ್ತದೆಯೋ ಟ್ರಾನ್ಸ್‌ಫಾರ್ಮರಿನ ಆಯುಷ್ಯ ಅಷ್ಟು ಹೆಚ್ಚು ಎಂಬುದು ವಿದ್ಯುತ್ ಎಂಜಿನಿಯರಿಂಗ್‌ನ ಹಳೆಯ ಪಾಠಗಳಲ್ಲೊಂದು. ನೀರಿನ ಪಸೆ, ಹತ್ತಿಯ ನಾರು, ಕಾಗದದ ಚೂರು, ಲೋಹದ ಪುಡಿ ಇವುಗಳಲ್ಲಿ ಯಾವುದು ಸೇರಿದರೂ ಎಣ್ಣೆಯ ವಿದ್ಯುತ್ತನ್ನು ತಡೆಯುವ ಗುಣ ಕುಗ್ಗುತ್ತದೆ; ಆದ್ದರಿಂದಲೇ ಎಣ್ಣೆಯನ್ನು ಕಾಯಿಸಿ, ನಿರ್ವಾತದಲ್ಲಿ ಅದರ ತೇವವನ್ನು ತೆಗೆದು, ಸೂಕ್ಷ್ಮ ಸೋಸುಕಗಳ ಮೂಲಕ ಹಾಯಿಸಿ, ತಿಳಿಯಾದ ಹೊಂಬಣ್ಣದ ದ್ರವವಾಗಿ ಉಳಿಸಿಕೊಳ್ಳಲು ಎಂಜಿನಿಯರುಗಳು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಶ್ರಮಿಸುತ್ತ ಬಂದಿದ್ದಾರೆ. ಹೀಗಿರುವಾಗ ಕಬ್ಬಿಣದ ಆಕ್ಸೈಡಿನಂಥ ಘನಪದಾರ್ಥದ ಪುಡಿಯನ್ನು ಬೇಕೆಂದೇ ಎಣ್ಣೆಗೆ ಬೆರೆಸಿದರೆ ಆ ಗುಣ ಕುಗ್ಗುವ ಬದಲು ಹೆಚ್ಚಬಲ್ಲದು ಎಂಬ ಪ್ರಯೋಗಫಲ 1990ರ ದಶಕದ ಕೊನೆಯಲ್ಲಿ ಹೊರಬಂದಾಗ, ಅದು ಹಳೆಯ ಪಾಠಕ್ಕೆ ತೀರ ವಿರುದ್ಧವಾಗಿ ಕಂಡಿತು. ಷರತ್ತೇನೆಂದರೆ ಆ ಪುಡಿಯ ಕಣಗಳು ನ್ಯಾನೋ ಗಾತ್ರದವಾಗಿರಬೇಕು, ಮತ್ತು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ತೇಲುತ್ತಿರಬೇಕು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲನ್ನು ನ್ಯಾನೋಮೀಟರ್ ಎನ್ನುತ್ತಾರೆ. ಇಲ್ಲಿ ಬಳಸುವ ಕಣಗಳ ಅಡ್ಡಳತೆ ಸಾಮಾನ್ಯವಾಗಿ ಹತ್ತರಿಂದ ನೂರು ನ್ಯಾನೋಮೀಟರಿನೊಳಗಿರುತ್ತದೆ. ಇಂಥ ಕಣಗಳು ಸಮವಾಗಿ ಹರಡಿಕೊಂಡಿರುವ ದ್ರವಕ್ಕೆ ನ್ಯಾನೋದ್ರವ ಎಂದು ಹೆಸರು.

ಈ ಬೆರಕೆಯ ಲಾಭನಷ್ಟಗಳನ್ನು ತೂಗಬೇಕಾದರೆ ಎಣ್ಣೆಯ ಕೆಲಸವೇನೆಂಬುದು ಮೊದಲು ಸ್ಪಷ್ಟವಾಗಬೇಕು. ಕಬ್ಬಿಣದ ತಗಡುಗಳ ತಿರುಳಿನ ಸುತ್ತ ಸುತ್ತಿದ ಎರಡು ಸುರುಳಿಗಳ ನಡುವೆ, ಕಾಂತಕ್ಷೇತ್ರದ ಮೂಲಕ, ವಿದ್ಯುತ್ತನ್ನು ಒಂದು ವೋಲ್ಟೇಜಿನಿಂದ ಇನ್ನೊಂದಕ್ಕೆ ಬದಲಿಸುವ ಸಾಧನ ಟ್ರಾನ್ಸ್‌ಫಾರ್ಮರ್. ದೂರಕ್ಕೆ ವಿದ್ಯುತ್ ಸಾಗಿಸಲು ವೋಲ್ಟೇಜನ್ನು ಏರಿಸಬೇಕು, ಬಳಸುವಲ್ಲಿ ಇಳಿಸಬೇಕು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು ಈ ಏರಿಳಿತದ ಬಲದಿಂದಲೇ. ಸುರುಳಿಯ ತಾಮ್ರದಲ್ಲಿ ಮತ್ತು ತಿರುಳಿನ ಕಬ್ಬಿಣದಲ್ಲಿ ಶಕ್ತಿಯ ಒಂದು ಸಣ್ಣ ಪಾಲು ಶಾಖವಾಗಿ ಸೋರುತ್ತದೆ, ಮತ್ತು ಸಾವಿರಾರು ವೋಲ್ಟುಗಳ ಅಂತರವಿರುವ ವಾಹಕಗಳು ಕೆಲವೇ ಮಿಲಿಮೀಟರುಗಳಷ್ಟು ಹತ್ತಿರದಲ್ಲಿರುತ್ತವೆ. ಎಣ್ಣೆ ಈ ಎರಡೂ ಸಮಸ್ಯೆಗಳಿಗೆ ಒಟ್ಟಿಗೆ ಉತ್ತರವಾಗುತ್ತದೆ; ಸುರುಳಿಗೆ ಸುತ್ತಿದ ಕಾಗದದ ಎಳೆಎಳೆಯಲ್ಲೂ ಇಳಿದು ಕಿಡಿ ಹಾರದಂತೆ ತಡೆಯುತ್ತದೆ, ಕಾದು ಹಗುರಾಗಿ ಮೇಲೇರಿ, ತೊಟ್ಟಿಯ ಹೊರಗಿನ ಕೊಳವೆಗಳಲ್ಲಿ ತಣಿದು ಕೆಳಗಿಳಿದು, ಶಾಖವನ್ನು ಹೊರಗಿನ ಗಾಳಿಗೆ ದಾಟಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುತ್ತಿರುವುದು ಕಚ್ಚಾ ತೈಲದಿಂದ ಬಟ್ಟಿ ಇಳಿಸಿದ ಖನಿಜ ತೈಲ. ಟಿ.ಸಿ. ಎಂದು ಕರೆಯುವ ಹೊಲದಂಚಿನ ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ ಕೆಲವು ಹತ್ತು ಲೀಟರುಗಳಿಂದ ಇನ್ನೂರು ಮುನ್ನೂರು ಲೀಟರುಗಳವರೆಗೆ ಇರುವ ಈ ಎಣ್ಣೆ, ದೊಡ್ಡ ವಿದ್ಯುತ್ ಕೇಂದ್ರಗಳ ಟ್ರಾನ್ಸ್‌ಫಾರ್ಮರುಗಳಲ್ಲಿ ಹತ್ತಾರು ಸಾವಿರ ಲೀಟರುಗಳಷ್ಟಿರುತ್ತದೆ.

ಎಣ್ಣೆಯ ವಿದ್ಯುತ್ ತಡೆಯುವ ಶಕ್ತಿಯನ್ನು ಅಳೆಯುವ ರೂಢಿಯ ವಿಧಾನ ಸರಳವಾದದ್ದು. ಪಾತ್ರೆಯೊಂದರಲ್ಲಿ ಎಣ್ಣೆ ತುಂಬಿ, ಅದರೊಳಗೆ 2.5 ಮಿಲಿಮೀಟರ್ ಅಂತರದಲ್ಲಿ ಎರಡು ಲೋಹದ ಗುಂಡುಗಳನ್ನಿಟ್ಟು, ಸೆಕೆಂಡಿಗೆ 2 ಕಿಲೋವೋಲ್ಟಿನಂತೆ ವೋಲ್ಟೇಜನ್ನು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಎಣ್ಣೆಯನ್ನು ಸೀಳಿಕೊಂಡು ಕಿಡಿ ಹಾರುತ್ತದೆ. ಹೀಗೆ ಆರು ಸಲ ಮಾಡಿ ತೆಗೆದ ಸರಾಸರಿಯೇ ಆ ಎಣ್ಣೆಯ ಭೇದನ ವೋಲ್ಟೇಜ್, ಅಂದರೆ ವಿದ್ಯುತ್ ಇಲಾಖೆಯವರ ಬಾಯಲ್ಲಿ ಬಿಡಿವಿ. ಹೊಸ ಎಣ್ಣೆ ಪೀಪಾಯಿಯಿಂದ ಬಂದಂತೆಯೇ ಕನಿಷ್ಠ 30 ಕಿಲೋವೋಲ್ಟ್, ಸೋಸಿ ಒಣಗಿಸಿದ ಮೇಲೆ 70 ಕಿಲೋವೋಲ್ಟ್ ತಡೆಯಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಎರಡು ಅಂಕಿಗಳ ನಡುವಿನ ಈ ಅಂತರವೇ ಕೊಳೆಯ ಪ್ರಭಾವಕ್ಕೆ ಸಾಕ್ಷಿ. ತೇವವನ್ನು ಹೀರಿಕೊಂಡ ನಾರಿನ ಎಳೆಗಳು ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ಸಿಕ್ಕಿ, ಒಂದರ ಹಿಂದೊಂದು ಸಾಲುಗಟ್ಟಿ ನಿಂತು, ಎರಡು ಗುಂಡುಗಳ ನಡುವೆ ಸೇತುವೆ ಕಟ್ಟುವುದರಿಂದ ಕಿಡಿಗೆ ಸುಲಭವಾದ ದಾರಿ ಸಿಗುತ್ತದೆ. ಟ್ರಾನ್ಸ್‌ಫಾರ್ಮರಿನ ಉಸಿರಾಟದ ಕೊಳವೆಯ ತುದಿಗೆ ಸಿಲಿಕಾ ಜೆಲ್ ತುಂಬಿದ ಡಬ್ಬಿಯನ್ನು ಕಟ್ಟುವುದೂ, ಅದರ ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದೊಡನೆ ಬದಲಿಸಬೇಕೆಂಬ ನಿಯಮವೂ ಈ ತೇವದ ಭಯದಿಂದ ಬಂದವು.

ನ್ಯಾನೋದ್ರವ ಎಂಬ ಕಲ್ಪನೆ ಹುಟ್ಟಿದ್ದು ವಿದ್ಯುತ್ ಅವಾಹಕಗಳ ಕ್ಷೇತ್ರದಲ್ಲಲ್ಲ, ಶಾಖ ಸಾಗಣೆಯ ಕ್ಷೇತ್ರದಲ್ಲಿ. ಅಮೆರಿಕದ ಷಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಸ್ಟೀಫನ್ ಚೋಯ್ 1995ರಲ್ಲಿ ಈ ಹೆಸರನ್ನು ಚಲಾವಣೆಗೆ ತಂದರು. ಲೋಹಗಳ ಉಷ್ಣವಾಹಕತೆ ದ್ರವಗಳಿಗಿಂತ ನೂರಾರು ಪಟ್ಟು ಹೆಚ್ಚಿರುವುದರಿಂದ ಲೋಹದ ನ್ಯಾನೋಕಣಗಳನ್ನು ತೇಲಿಸಿದ ದ್ರವ ಶಾಖವನ್ನು ಬೇಗ ಸಾಗಿಸಬೇಕೆಂಬುದು ಅವರ ತರ್ಕವಾಗಿತ್ತು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಸ್ಟೀವ್ ಪಪೆಲ್ ರಾಕೆಟ್ ಇಂಧನವನ್ನು ಕಾಂತದಿಂದ ಸೆಳೆಯಲು ಸಾಧ್ಯವಾಗುವಂತೆ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡನ್ನು ನುಣುಪಾಗಿ ಅರೆದು ದ್ರವದಲ್ಲಿ ತೇಲಿಸಿದ್ದರು. ಕಾಂತದ್ರವವೆಂದು ಹೆಸರಾದ ಆ ವಸ್ತುವನ್ನು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ತಯಾರಿಸಿದರೆ ತಂಪುಗೊಳಿಸುವಿಕೆ ಸುಧಾರಿಸೀತೆಂಬ ನಿರೀಕ್ಷೆಯಿಂದ ವಿ. ಸೆಗಲ್, ಕೆ. ರಾಜ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಅನಿರೀಕ್ಷಿತವಾದ ಇನ್ನೊಂದು ಫಲ ಕಾಣಿಸಿತು, ಮತ್ತು ಅದು 1998ರಲ್ಲಿ ಪ್ರಕಟವಾಯಿತು.

ಅವರು ಬಳಸಿದ್ದು ಸಿಡಿಲಿನ ಹೊಡೆತವನ್ನು ಅನುಕರಿಸುವ ಪರೀಕ್ಷೆ. ಸೂಜಿ ಮತ್ತು ಗೋಳದ ನಡುವೆ 25.4 ಮಿಲಿಮೀಟರ್ ಅಂತರವಿಟ್ಟು, ಕೆಲವು ಹತ್ತು ಮೈಕ್ರೋಸೆಕೆಂಡುಗಳು, ಅಂದರೆ ಸೆಕೆಂಡಿನ ಕೆಲವು ಹತ್ತು ದಶಲಕ್ಷಾಂಶಗಳು ಮಾತ್ರ ಬಾಳುವ ವೋಲ್ಟೇಜಿನ ಅಲೆಯನ್ನು ಸೂಜಿಗೆ ಕೊಟ್ಟಾಗ, ಸೂಜಿ ಧನ ಧ್ರುವವಾಗಿದ್ದಲ್ಲಿ ಬರಿಯ ಖನಿಜ ತೈಲ 86 ಕಿಲೋವೋಲ್ಟಿಗೆ, ಸುಮಾರು 12 ಮೈಕ್ರೋಸೆಕೆಂಡುಗಳಲ್ಲಿ ಸೋತಿತು. ಅದೇ ತೈಲಕ್ಕೆ ಮ್ಯಾಗ್ನೆಟೈಟ್ ನ್ಯಾನೋಕಣಗಳನ್ನು ಬೆರೆಸಿದಾಗ ಕಿಡಿ ಹಾರಲು 157 ಕಿಲೋವೋಲ್ಟ್ ಬೇಕಾಯಿತು, ಕಾಲವೂ 26 ಮೈಕ್ರೋಸೆಕೆಂಡುಗಳಿಗೆ ಏರಿತು. ವಿದ್ಯುತ್ತನ್ನು ತಕ್ಕಮಟ್ಟಿಗೆ ಹರಿಯಬಿಡುವ ಕಪ್ಪು ಪುಡಿಯೊಂದು ಅವಾಹಕವನ್ನು ಹೆಚ್ಚು ಕಡಿಮೆ ಎರಡು ಪಟ್ಟು ಬಲಪಡಿಸಿತ್ತು. ಆದರೆ ಅದೇ ಪ್ರಯೋಗದಲ್ಲಿ ಸೂಜಿಯನ್ನು ಋಣ ಧ್ರುವವಾಗಿಸಿದಾಗ ಫಲ ತಿರುಗುಮುರುಗಾಯಿತು: ಬರಿಯ ತೈಲ 170 ಕಿಲೋವೋಲ್ಟ್ ತಡೆದಲ್ಲಿ ನ್ಯಾನೋದ್ರವ 154 ಕಿಲೋವೋಲ್ಟಿಗೇ ಬಿಟ್ಟುಕೊಟ್ಟಿತು. ನ್ಯಾನೋ ಎಣ್ಣೆಯ ಗುಣಗಾನ ಮಾಡುವ ಬರಹಗಳು ಮೊದಲ ಜೋಡಿ ಅಂಕಿಗಳನ್ನು ಉತ್ಸಾಹದಿಂದ ಉದ್ಧರಿಸುತ್ತವೆ, ಎರಡನೆಯ ಜೋಡಿಯನ್ನು ಅಷ್ಟಾಗಿ ನೆನೆಯುವುದಿಲ್ಲ.

ಈ ವಿರೋಧಾಭಾಸವನ್ನು ಬಿಡಿಸಲು ಎಣ್ಣೆಯೊಳಗೆ ಕಿಡಿ ಹೇಗೆ ಹುಟ್ಟುತ್ತದೆಂಬುದನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಕಿಡಿ ಹಾರುವುದು ಒಂದೇ ಏಟಿಗೆ ನಡೆಯುವ ಘಟನೆಯಲ್ಲ. ಅದಕ್ಕೂ ಮುನ್ನ ಸೂಜಿಯ ಮೊನೆಯಿಂದ ಮರದ ಬೇರಿನಂತೆ ಕವಲೊಡೆಯುತ್ತ, ಸೆಕೆಂಡಿಗೆ ಒಂದು ಕಿಲೋಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚಿನ ವೇಗದಲ್ಲಿ ಚಾಚಿಕೊಳ್ಳುವ, ಅಯಾನುಗಳೂ ಆವಿಯೂ ತುಂಬಿದ ತೆಳುವಾದ ಎಳೆಗಳು ಎಣ್ಣೆಯನ್ನು ಸೀಳುತ್ತ ಹೋಗುತ್ತವೆ. ಇವನ್ನು ಸ್ಟ್ರೀಮರ್ ಎಂದು ಕರೆಯುತ್ತಾರೆ, ಮತ್ತು ಒಂದು ಎಳೆ ಎದುರಿನ ಧ್ರುವವನ್ನು ಮುಟ್ಟಿದೊಡನೆ ಆ ದಾರಿಯಲ್ಲಿ ಪೂರ್ಣ ವಿದ್ಯುತ್ ಹರಿದು ಕಿಡಿಯಾಗುತ್ತದೆ. ಸೂಜಿಯ ಮೊನೆಯಲ್ಲಿ ವಿದ್ಯುತ್ ಕ್ಷೇತ್ರ ಪ್ರತಿ ಮೀಟರಿಗೆ ಹತ್ತು ಕೋಟಿ ವೋಲ್ಟಿನ ಆಸುಪಾಸಿಗೆ ಬಂದಾಗ ಎಣ್ಣೆಯ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬರುತ್ತವೆ, ಹಿಂದುಳಿದ ಅಣುಗಳು ಧನ ಅಯಾನುಗಳಾಗುತ್ತವೆ. ಎಣ್ಣೆಯಲ್ಲಿ ಎಲೆಕ್ಟ್ರಾನಿನ ಚಲನೆ ಅಯಾನಿಗಿಂತ ಸುಮಾರು ಒಂದು ಲಕ್ಷ ಪಟ್ಟು ಚುರುಕು. ಆದ್ದರಿಂದ ಸೂಜಿ ಧನವಾಗಿದ್ದಾಗ ಎಲೆಕ್ಟ್ರಾನುಗಳು ಕ್ಷಣಾರ್ಧದಲ್ಲಿ ಸೂಜಿಯನ್ನು ಸೇರಿ ಮಾಯವಾಗುತ್ತವೆ, ನಿಧಾನಗತಿಯ ಧನ ಅಯಾನುಗಳು ಇದ್ದಲ್ಲೇ ಮೋಡದಂತೆ ಉಳಿಯುತ್ತವೆ. ಈ ಧನಾವೇಶದ ಮೋಡವೇ ಈಗ ಸೂಜಿಯ ಹೊಸ ಮೊನೆಯಂತೆ ವರ್ತಿಸಿ, ತನ್ನ ಮುಂದಿನ ಎಣ್ಣೆಯಲ್ಲಿ ತೀವ್ರವಾದ ಕ್ಷೇತ್ರವನ್ನು ಹುಟ್ಟಿಸಿ ಅಲ್ಲಿನ ಅಣುಗಳನ್ನೂ ಒಡೆಯುತ್ತದೆ. ಅಲ್ಲಿಂದ ಮುಂದಕ್ಕೆ, ಮತ್ತೂ ಮುಂದಕ್ಕೆ, ಸ್ಟ್ರೀಮರ್ ಚಾಚುತ್ತ ಹೋಗುತ್ತದೆ.

ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜಾರ್ಜ್ ಹ್ವಾಂಗ್, ಮಾರ್ಕಸ್ ಝಾನ್ ಮತ್ತು ಎಬಿಬಿ ಕಂಪನಿಯ ಸಂಶೋಧಕರು 2010ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ ನ್ಯಾನೋಕಣಗಳು ಈ ಸರಪಳಿಯನ್ನು ಎಲೆಕ್ಟ್ರಾನಿನ ಕೊಂಡಿಯಲ್ಲಿಯೇ ಕಡಿಯುತ್ತವೆ. ಮ್ಯಾಗ್ನೆಟೈಟಿನಂಥ ವಾಹಕ ಕಣವೊಂದು ಕ್ಷೇತ್ರದೊಳಗೆ ಬಂದಾಗ ಅದರೊಳಗಿನ ಆವೇಶಗಳು ಬಹು ಬೇಗ ಮರುಹಂಚಿಕೆಯಾಗಿ, ಕಣದ ಒಂದು ಮೈ ಧನವೂ ಇನ್ನೊಂದು ಮೈ ಋಣವೂ ಆಗುತ್ತದೆ. ಧನ ಮೈಯ ಕಡೆಗೆ ಸೆಳೆಯಲ್ಪಟ್ಟ ಎಲೆಕ್ಟ್ರಾನುಗಳು ಕಣಕ್ಕೆ ಅಂಟಿಕೊಳ್ಳುತ್ತವೆ. ಐದು ನ್ಯಾನೋಮೀಟರ್ ತ್ರಿಜ್ಯದ ಒಂದು ಕಣ ಮೇಲೆ ಹೇಳಿದಷ್ಟು ಕ್ಷೇತ್ರದಲ್ಲಿ ಹನ್ನೊಂದು ಎಲೆಕ್ಟ್ರಾನುಗಳವರೆಗೆ ಹಿಡಿದಿಟ್ಟುಕೊಳ್ಳಬಲ್ಲದೆಂದು ಅವರ ಲೆಕ್ಕ. ಸಾವಿರಾರು ಅಣುಗಳ ಗಾತ್ರದ ಕಣಕ್ಕೆ ಅಂಟಿದ ಎಲೆಕ್ಟ್ರಾನ್, ಕೊರಳಿಗೆ ಬೀಸುಕಲ್ಲು ಕಟ್ಟಿಸಿಕೊಂಡ ಓಟಗಾರನಂತೆ, ಸೂಜಿಯ ಕಡೆಗೆ ಓಡಲಾರದೆ ಅಲ್ಲೇ ಉಳಿಯುತ್ತದೆ. ಹಾಗೆ ಉಳಿದ ಋಣಾವೇಶ ಧನ ಅಯಾನುಗಳ ಮೋಡದ ಬಲವನ್ನು ಬಹುಪಾಲು ರದ್ದುಗೊಳಿಸುವುದರಿಂದ ಮುಂದಿನ ಎಣ್ಣೆಯಲ್ಲಿ ಕ್ಷೇತ್ರ ತೀವ್ರವಾಗುವುದಿಲ್ಲ, ಸ್ಟ್ರೀಮರಿನ ವೇಗ ಕುಂದುತ್ತದೆ. ಸಿಡಿಲಿನ ಅಲೆ ಬಾಳುವುದೇ ಕೆಲವು ಹತ್ತು ಮೈಕ್ರೋಸೆಕೆಂಡುಗಳಾದ್ದರಿಂದ, ಸ್ಟ್ರೀಮರ್ ಎದುರು ಧ್ರುವವನ್ನು ಮುಟ್ಟುವ ಮೊದಲೇ ಅಲೆ ಇಳಿದುಹೋದರೆ ಟ್ರಾನ್ಸ್‌ಫಾರ್ಮರ್ ಬದುಕಿಕೊಳ್ಳುತ್ತದೆ. ಎಣ್ಣೆಯನ್ನು ಗೆಲ್ಲಿಸುವುದು ಹೀಗೆ ಗಳಿಸಿದ ಕೆಲವೇ ಮೈಕ್ರೋಸೆಕೆಂಡುಗಳ ವಿಳಂಬ.

ಈ ವಿವರಣೆ ಅಚ್ಚುಕಟ್ಟಾಗಿದ್ದರೂ ಪೂರ್ತಿಯಾದುದಲ್ಲ. ಕಣದೊಳಗಿನ ಆವೇಶಗಳು ಮರುಹಂಚಿಕೆಯಾಗಲು ಹಿಡಿಯುವ ಕಾಲ ಮ್ಯಾಗ್ನೆಟೈಟಿನಲ್ಲಿ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ; ಆದರೆ ಅಲ್ಯುಮಿನಾ ಎಂಬ ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ಅದು ನಲವತ್ತು ಸೆಕೆಂಡುಗಳನ್ನೂ ಮೀರುತ್ತದೆ. ಮೈಕ್ರೋಸೆಕೆಂಡುಗಳಲ್ಲಿ ಮುಗಿಯುವ ಸ್ಟ್ರೀಮರಿನ ಲೆಕ್ಕದಲ್ಲಿ ಅಲ್ಯುಮಿನಾ ನಿದ್ದೆಯಿಂದ ಏಳುವುದೇ ಇಲ್ಲ. ಆದ್ದರಿಂದ ಅದು ಉಪಯೋಗಕ್ಕೆ ಬರಬಾರದಿತ್ತು. ಆದರೂ ಅಲ್ಯುಮಿನಾ, ಸಿಲಿಕಾಗಳಂಥ ಅವಾಹಕ ಕಣಗಳನ್ನು ಬೆರೆಸಿದಾಗಲೂ ಎಣ್ಣೆ ಬಲಗೊಂಡ ಉದಾಹರಣೆಗಳು ಹಲವು ಪ್ರಯೋಗಾಲಯಗಳಿಂದ ವರದಿಯಾಗಿವೆ. ವಾಹಕವಲ್ಲದ ಕಣವೂ ಕ್ಷೇತ್ರದಲ್ಲಿ ಧ್ರುವೀಕರಣಗೊಂಡು ತನ್ನ ಮೈಮೇಲೆ ಎಲೆಕ್ಟ್ರಾನನ್ನು ಹಿಡಿಯುವ ಗುಳಿಯನ್ನು ನಿರ್ಮಿಸಿಕೊಳ್ಳುತ್ತದೆಂದು ಚೀನಾದ ಚೋಂಗ್‌ಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ವಾದಿಸಿದರು. ಟೈಟಾನಿಯಂ ಡೈಆಕ್ಸೈಡ್ ಎಂಬ ಅರೆವಾಹಕ ಕಣಗಳನ್ನು ಬಳಸಿದ ಉತ್ತರ ಚೀನಾ ವಿದ್ಯುತ್ ಶಕ್ತಿ ವಿಶ್ವವಿದ್ಯಾಲಯದವರು, ಕಣದ ಅಂಚಿನಲ್ಲಿ ಆಳವಿಲ್ಲದ ಬಲೆಗಳು ಹುಟ್ಟುತ್ತವೆ, ಎಲೆಕ್ಟ್ರಾನುಗಳು ಅವುಗಳಲ್ಲಿ ಸಿಕ್ಕಿ ಬಿಡಿಸಿಕೊಂಡು ಮತ್ತೆ ಸಿಕ್ಕಿ ವೇಗವನ್ನೂ ಶಕ್ತಿಯನ್ನೂ ಕಳೆದುಕೊಳ್ಳುತ್ತವೆ ಎಂದರು. ಬಿಡಿವಿಯಂಥ ನಿಧಾನ ಪರೀಕ್ಷೆಗಳಲ್ಲಿ ಕಾಣುವ ಸುಧಾರಣೆಗೆ ಇನ್ನೂ ಸರಳವಾದ ಕಾರಣವಿರಬಹುದು: ನೀರನ್ನು ಪ್ರೀತಿಸುವ ಮೈಯುಳ್ಳ ಸಿಲಿಕಾ ಕಣಗಳು ಎಣ್ಣೆಯಲ್ಲಿನ ತೇವವನ್ನು ತಮ್ಮ ಮೇಲೆ ಕಟ್ಟಿಹಾಕಿಕೊಳ್ಳುತ್ತವೆ, ನಾರುಗಳ ಸೇತುವೆಗೆ ಬೇಕಾದ ನೀರು ದೊರೆಯುವುದಿಲ್ಲ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಸಿಲಿಕಾದ ಲಾಭ ತೇವವಿದ್ದ ಎಣ್ಣೆಯಲ್ಲಿ ಎದ್ದು ಕಂಡದ್ದು ಈ ಊಹೆಗೆ ಒತ್ತಾಸೆಯಾಗಿದೆ. ಬೇರೆ ಬೇರೆ ಕಣಗಳು ಬೇರೆ ಬೇರೆ ದಾರಿಗಳಿಂದ ಒಂದೇ ಫಲವನ್ನು ಕೊಡುತ್ತಿರುವಾಗ ಒಂದೇ ಸಿದ್ಧಾಂತದಿಂದ ಎಲ್ಲವನ್ನೂ ವಿವರಿಸಹೊರಡುವುದು ಬಹುಶಃ ವ್ಯರ್ಥ ಹಟ.

ಋಣ ಧ್ರುವದಲ್ಲಿ ಬಲ ಕುಗ್ಗುವುದು ಹಾಗಾದರೆ ಎಷ್ಟು ದೊಡ್ಡ ದೋಷ? ಬರಿಯ ಖನಿಜ ತೈಲದಲ್ಲಿ ಧನ ಸ್ಟ್ರೀಮರುಗಳೇ ಕಡಿಮೆ ವೋಲ್ಟೇಜಿಗೆ ಹುಟ್ಟಿ ಹೆಚ್ಚು ವೇಗವಾಗಿ ಓಡುವಂಥವು, ಆದ್ದರಿಂದ ವಿನ್ಯಾಸಕಾರರು ಅಂತರಗಳನ್ನು ನಿರ್ಧರಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳುವುದು ಧನ ಧ್ರುವದ ದುರ್ಬಲ ಅಂಕಿಯನ್ನೇ. ಆ ದುರ್ಬಲ ಅಂಕಿ 86ರಿಂದ ಮೇಲೇರಿ, ಬಲವಾದ ಅಂಕಿ 170ರಿಂದ 154ಕ್ಕೆ ಇಳಿದರೆ ಒಟ್ಟಿನಲ್ಲಿ ಎಣ್ಣೆಯ ಕನಿಷ್ಠ ಬಲ ಹೆಚ್ಚಿದಂತೆಯೇ ಆಯಿತು. ಈ ದೃಷ್ಟಿಯಿಂದ ನೋಡಿದರೆ ನ್ಯಾನೋಕಣಗಳ ವಿದ್ಯುತ್ ಲಾಭ ನಿಜವಾದದ್ದು, ಮತ್ತು ಟ್ರಾನ್ಸ್‌ಫಾರ್ಮರಿನ ಒಳಗಿನ ಅಂತರಗಳನ್ನು ಕಿರಿದಾಗಿಸಿ ಗಾತ್ರವನ್ನು ಇಳಿಸುವ ಸಾಧ್ಯತೆ ಅದರಲ್ಲಿ ಅಡಗಿದೆ. ಏಕಮುಖ ವಿದ್ಯುತ್ತಿನ ಸಾಗಣೆಯಲ್ಲಿ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಒಡಿಶಾದ ತಾಲ್ಚೇರಿನಿಂದ 1300 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಕೋಲಾರಕ್ಕೆ ಬರುವ 500 ಕಿಲೋವೋಲ್ಟಿನ ಏಕಮುಖ ವಿದ್ಯುತ್ ಮಾರ್ಗದಂಥ ಕಡೆಗಳಲ್ಲಿ ಪರಿವರ್ತನೆಗೆ ಬಳಸುವ ಟ್ರಾನ್ಸ್‌ಫಾರ್ಮರುಗಳ ಎಣ್ಣೆ ಒಂದೇ ದಿಕ್ಕಿನ ಕ್ಷೇತ್ರದ ಒತ್ತಡಕ್ಕೆ ದೀರ್ಘಕಾಲ ಒಳಗಾಗಿರುವುದರಿಂದ, ಆವೇಶ ಹೊತ್ತ ಕಣಗಳು ನಿಧಾನವಾಗಿ ಒಂದೇ ಪಕ್ಕಕ್ಕೆ ಸರಿದು ಕಾಗದದ ಮೇಲೆ ಕೂಡುವ ಸಂಭವವನ್ನು ಕಡೆಗಣಿಸುವಂತಿಲ್ಲ.

ತಂಪುಗೊಳಿಸುವಿಕೆಯ ವಿಷಯಕ್ಕೆ ಬಂದರೆ ಭರವಸೆಗಳು ಪುರಾವೆಗಳಿಗಿಂತ ಬಹಳ ಮುಂದೆ ಓಡಿವೆ. ಶಾಖದ ಮಹತ್ವವನ್ನು ಯಾರೂ ಅಲ್ಲಗಳೆಯುವುದಿಲ್ಲ. ಸುರುಳಿಗೆ ಸುತ್ತಿದ ಕಾಗದದ ಅತಿ ಬಿಸಿಯಾದ ಜಾಗ 98 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 6 ಡಿಗ್ರಿಗೆ ಕಾಗದದ ಮುಪ್ಪಿನ ವೇಗ ಇಮ್ಮಡಿಯಾಗುತ್ತದೆಂಬುದು ಉದ್ಯಮ ಒಪ್ಪಿರುವ ಲೆಕ್ಕ, ಮತ್ತು ಎಣ್ಣೆಯನ್ನು ಬದಲಿಸಬಹುದಾದರೂ ಕಾಗದವನ್ನು ಬದಲಿಸಲಾಗುವುದಿಲ್ಲ. ಖನಿಜ ತೈಲದ ಉಷ್ಣವಾಹಕತೆ ನೀರಿನದರ ಕಾಲು ಭಾಗಕ್ಕಿಂತಲೂ ಕಡಿಮೆಯಾದ್ದರಿಂದ ಸುಧಾರಣೆಗೆ ಅವಕಾಶವೂ ಇದೆ. ಆದರೆ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1873ರಷ್ಟು ಹಿಂದೆಯೇ ಕೊಟ್ಟ ಮಿಶ್ರಣದ ಸೂತ್ರದಂತೆ, ಚೆನ್ನಾಗಿ ಶಾಖ ಹರಿಸುವ ಕಣಗಳನ್ನು ದ್ರವದಲ್ಲಿ ವಿರಳವಾಗಿ ಬೆರೆಸಿದಾಗ ಉಷ್ಣವಾಹಕತೆ ಹೆಚ್ಚುವುದು ಕಣಗಳ ಗಾತ್ರಪಾಲಿನ ಮೂರು ಪಟ್ಟಿನಷ್ಟು ಮಾತ್ರ. ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಬೆರೆಸಬಹುದಾದದ್ದು ಹೆಚ್ಚೆಂದರೆ ಸಾವಿರದಲ್ಲೊಂದು ಪಾಲಿನ ಆಸುಪಾಸು, ಅಂದರೆ ಲಾಭ ಶೇಕಡಾ 0.3. ನ್ಯಾನೋದ್ರವಗಳು ಈ ಸೂತ್ರವನ್ನು ಮೀರಿ ಅಸಾಧಾರಣವಾಗಿ ಶಾಖ ಸಾಗಿಸುತ್ತವೆಂಬ ವರದಿಗಳು ಹೆಚ್ಚಾದಾಗ ಜಗತ್ತಿನ 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ಮಾದರಿಗಳನ್ನು ಹಂಚಿಕೊಂಡು ತಂತಮ್ಮಲ್ಲಿ ಅಳೆದು ನೋಡಿದವು. 2009ರಲ್ಲಿ ಪ್ರಕಟವಾದ ಆ ಸಾಮೂಹಿಕ ಅಧ್ಯಯನದಲ್ಲಿ ಅಸಾಧಾರಣವೆನ್ನುವಂಥದ್ದೇನೂ ಸಿಗಲಿಲ್ಲ, ಅಳತೆಗಳು ಹಳೆಯ ಸೂತ್ರದ ಪರಿಷ್ಕೃತ ರೂಪಕ್ಕೆ ಹೊಂದಿಕೊಂಡವು. ಆದ್ದರಿಂದ ಗೋಳಾಕಾರದ ಆಕ್ಸೈಡ್ ಕಣಗಳ ಚಿಟಿಕೆಯಿಂದ ಟ್ರಾನ್ಸ್‌ಫಾರ್ಮರ್ ತಣ್ಣಗಾಗುತ್ತದೆಂಬ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು.

ಇದಕ್ಕೆ ಎರಡು ಅಪವಾದಗಳಿವೆ. ಕಾಂತದ್ರವದಲ್ಲಿ ಶಾಖ ಸಾಗುವುದು ಕಣಗಳ ಉಷ್ಣವಾಹಕತೆಯಿಂದಲ್ಲ, ಬೇರೊಂದು ಉಪಾಯದಿಂದ. ಬಿಸಿಯಾದ ಹಾಗೆ ಕಾಂತಕಣಗಳ ಕಾಂತತೆ ಕುಗ್ಗುತ್ತದೆ. ಹೀಗಾಗಿ ಸುರುಳಿಯ ಬಳಿ, ಕಾಂತಕ್ಷೇತ್ರ ಬಲವಾಗಿರುವಲ್ಲಿಗೆ, ತಣ್ಣನೆಯ ಎಣ್ಣೆ ಹೆಚ್ಚು ಬಲದಿಂದ ಸೆಳೆಯಲ್ಪಟ್ಟು ಬಿಸಿ ಎಣ್ಣೆಯನ್ನು ಹೊರದಬ್ಬುತ್ತದೆ, ಪಂಪಿಲ್ಲದೆಯೇ ಎಣ್ಣೆಯ ಸುತ್ತಾಟ ಚುರುಕಾಗುತ್ತದೆ. ಸೆಗಲ್ ಮತ್ತು ರಾಜ್ ಮೊದಲು ಹೊರಟಿದ್ದು ಇದನ್ನರಸಿಯೇ. ಎರಡನೆಯದು ಹಾಳೆಯಾಕಾರದ ಕಣಗಳು. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಪುಲಿಕ್ಕಲ್ ಅಜಯನ್ ಅವರ ತಂಡ 2012ರಲ್ಲಿ ಬೋರಾನ್ ನೈಟ್ರೈಡ್ ಎಂಬ, ಶಾಖವನ್ನು ಚೆನ್ನಾಗಿ ಹರಿಸಿಯೂ ವಿದ್ಯುತ್ತನ್ನು ಹರಿಯಬಿಡದ ವಸ್ತುವನ್ನು ಅತಿ ತೆಳುವಾದ ಪದರಗಳಾಗಿ ಬಿಡಿಸಿ ಖನಿಜ ತೈಲದಲ್ಲಿ ತೇಲಿಸಿತು. ತೂಕದಲ್ಲಿ ಶೇಕಡಾ 0.01ರಷ್ಟು ಬೆರೆಸಿದಾಗ ಉಷ್ಣವಾಹಕತೆ ಹೆಚ್ಚಿದ್ದಲ್ಲದೆ ವಿದ್ಯುತ್ ರೋಧವೂ ಮೂಲ ತೈಲವನ್ನು ಮೀರಿತು.

ಪ್ರಯೋಗಾಲಯದ ಗಾಜಿನ ಬೀಕರಿನಿಂದ ಟ್ರಾನ್ಸ್‌ಫಾರ್ಮರಿನ ತೊಟ್ಟಿಗೆ ಬರುವ ದಾರಿಯಲ್ಲಿ ಎದುರಾಗುವ ಅತಿ ದೊಡ್ಡ ತೊಡಕು ಕಾಲದ್ದು. ಟ್ರಾನ್ಸ್‌ಫಾರ್ಮರುಗಳಿಂದ ನಿರೀಕ್ಷಿಸುವ ಬಾಳಿಕೆ 25ರಿಂದ 40 ವರ್ಷ, ಆದರೆ ಪ್ರಕಟವಾದ ಬಹುಪಾಲು ಪರೀಕ್ಷೆಗಳ ಅವಧಿ ದಿನ ಅಥವಾ ವಾರಗಳ ಲೆಕ್ಕದ್ದು. ದ್ರವದಲ್ಲಿ ಕಣ ತಳಕ್ಕಿಳಿಯುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಹತ್ತು ನ್ಯಾನೋಮೀಟರಿನ ಒಂಟಿ ಮ್ಯಾಗ್ನೆಟೈಟ್ ಕಣ ಬೆಚ್ಚಗಿನ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಒಂದು ವರ್ಷಕ್ಕೆ ಇಳಿಯುವುದು ಲೆಕ್ಕದ ಪ್ರಕಾರ ಒಂದು ಮಿಲಿಮೀಟರಿಗಿಂತ ಕಡಿಮೆ, ಮತ್ತು ಎಣ್ಣೆಯ ಅಣುಗಳ ಎಡೆಬಿಡದ ತಳ್ಳಾಟವೇ ಅದನ್ನು ತೇಲಿಸಿಡಲು ಸಾಕು. ಆದರೆ ಅಂಥ ಕಣಗಳು ಗುಂಪುಗೂಡಿ ಸಾವಿರ ನ್ಯಾನೋಮೀಟರಿನ ಮುದ್ದೆಯಾದರೆ ವೇಗ ಹತ್ತು ಸಾವಿರ ಪಟ್ಟು ಹೆಚ್ಚಿ, ದಿನಕ್ಕೆ ಎರಡು ಸೆಂಟಿಮೀಟರಿನಷ್ಟು ಇಳಿಯತೊಡಗುತ್ತದೆ. ಎರಡು ತಿಂಗಳೊಳಗೆ ಒಂದು ಮೀಟರ್ ಎತ್ತರದ ತೊಟ್ಟಿಯ ತಳ ಸೇರಿರುತ್ತದೆ. ತಳ ಸೇರುವ ಮುನ್ನ ಆ ಮುದ್ದೆ ಹಳೆಯ ಕಾಲದ ಕೊಳೆಯಂತೆಯೇ ಕಿಡಿಗೆ ಸೇತುವೆಯಾಗುತ್ತದೆ. ಗುಂಪುಗೂಡುವುದನ್ನು ತಡೆಯಲು ಕಣಗಳ ಮೈಗೆ ಓಲಿಯಿಕ್ ಆಮ್ಲದಂಥ ಮೇಲ್ಮೈಕಾರಕವನ್ನು, ಅಂದರೆ ಒಂದು ತುದಿ ಕಣಕ್ಕೆ ಅಂಟಿ ಇನ್ನೊಂದು ತುದಿ ಎಣ್ಣೆಯಲ್ಲಿ ಚಾಚಿಕೊಂಡಿರುವ ಉದ್ದನೆಯ ಅಣುಗಳನ್ನು, ಲೇಪಿಸಿ ಶ್ರವಣಾತೀತ ಧ್ವನಿಯಿಂದ ಕಲಕುತ್ತಾರೆ. ವರ್ಷಾನುಗಟ್ಟಲೆ ಶಾಖಕ್ಕೆ ಒಡ್ಡಿಕೊಂಡಾಗ ಈ ಲೇಪ ಕಳಚೀತೇ, ಕಳಚಿದ ಆಮ್ಲ ಕಾಗದವನ್ನು ತಿಂದೀತೇ ಎಂಬುದಕ್ಕೆ ಉತ್ತರ ಕೊಡಲು ವಾರಗಳ ಪರೀಕ್ಷೆ ಸಾಲದು. ಕಣಗಳ ಪ್ರಮಾಣಕ್ಕೂ ಒಂದು ಮಿತಿಯಿದೆ. ಒಂದು ಹದದವರೆಗೆ ಎಣ್ಣೆಯ ಬಲ ಏರುತ್ತದೆ, ಹದ ಮೀರಿದರೆ ಬರಿಯ ಎಣ್ಣೆಗಿಂತಲೂ ಕೆಳಗಿಳಿಯಬಹುದು.

ನಿರ್ವಹಣೆಯ ಇಡೀ ವ್ಯವಸ್ಥೆಯೇ ಕಣವಿಲ್ಲದ ಎಣ್ಣೆಯನ್ನು ನಂಬಿ ಕಟ್ಟಿದ್ದು ಎಂಬುದು ಎರಡನೆಯ ತೊಡಕು. ಹಳೆಯ ಎಣ್ಣೆಯನ್ನು ಹೊಸದಾಗಿಸಲು ಬಳಸುವ ಹೀರುಮಣ್ಣು ಆಮ್ಲವನ್ನು ಹೀರುವಂತೆಯೇ ನ್ಯಾನೋಕಣಗಳನ್ನೂ ಅವುಗಳ ಲೇಪವನ್ನೂ ಹೀರಿಕೊಳ್ಳಬಲ್ಲದು. ಎಣ್ಣೆಯ ಸ್ಥಿತಿಯನ್ನು ತಿಳಿಯಲು ಅದರ ಬಣ್ಣ, ರೋಧ, ಮತ್ತು ಪರ್ಯಾಯ ವಿದ್ಯುತ್ತಿನಲ್ಲಿ ಶಕ್ತಿ ಎಷ್ಟು ಸೋರುತ್ತದೆಂದು ತೋರಿಸುವ ಟ್ಯಾನ್ ಡೆಲ್ಟಾ ಎಂಬ ಅಂಕಿಯನ್ನು ನೋಡುತ್ತಾರೆ; ವಾಹಕ ಕಣಗಳು ಹೊಸ ಎಣ್ಣೆಯ ಟ್ಯಾನ್ ಡೆಲ್ಟಾವನ್ನೇ ಹೆಚ್ಚಿಸಿ ಅದನ್ನು ಮುದಿಯಾದ ಎಣ್ಣೆಯಂತೆ ತೋರಿಸುತ್ತವೆ. ಎಣ್ಣೆಯಲ್ಲಿ ಕರಗಿದ ಹೈಡ್ರೋಜನ್, ಅಸಿಟಿಲೀನ್ ಮುಂತಾದ ಅನಿಲಗಳ ಜಾಡು ಹಿಡಿದು ಒಳಗಿನ ದೋಷವನ್ನು ಪತ್ತೆಹಚ್ಚುವ ಪರೀಕ್ಷೆಯ ಅಂಕಿಗಳನ್ನು ಓದುವ ಕೋಷ್ಟಕಗಳೂ ದಶಕಗಳ ಕಾಲ ಬರಿಯ ಎಣ್ಣೆಯ ಅನುಭವದಿಂದ ಬಂದವು. ಇನ್ನು ಭಾರತದ ಮಾನಕ ಐಎಸ್ 335, ಎಣ್ಣೆ ತಿಳಿಯಾಗಿರಬೇಕು, ಅದರಲ್ಲಿ ತೇಲುವ ಕಣವಾಗಲಿ ಗಷ್ಟಾಗಲಿ ಇರಬಾರದು ಎಂದು ವಿಧಿಸುತ್ತದೆ. ಮಸಿಯಂತೆ ಕಪ್ಪಾದ ಮ್ಯಾಗ್ನೆಟೈಟ್ ಎಣ್ಣೆ ಯಾವ ಉಪಕರಣದ ಮುಂದೂ ನಿಲ್ಲುವ ಮೊದಲು, ಕಣ್ಣಿನ ಪರೀಕ್ಷೆಯಲ್ಲಿಯೇ ಸೋಲುತ್ತದೆ.

ಹೊಸ ಎಣ್ಣೆಯ ವಿಷಯದಲ್ಲಿ ಉದ್ಯಮ ತೋರುವ ಅಂಜಿಕೆಗೆ ಇತಿಹಾಸದ ಕಾರಣವೂ ಇದೆ. ಬೆಂಕಿ ಹಿಡಿಯದ ಅದ್ಭುತ ದ್ರವವೆಂದು 1930ರ ದಶಕದಿಂದ ಟ್ರಾನ್ಸ್‌ಫಾರ್ಮರುಗಳಿಗೆ ತುಂಬಿದ ಪಿಸಿಬಿ ಎಂಬ ಕ್ಲೋರಿನ್‌ಯುಕ್ತ ಸಂಯುಕ್ತಗಳು ಮಣ್ಣಿನಲ್ಲೂ ಜೀವಿಗಳ ಕೊಬ್ಬಿನಲ್ಲೂ ದಶಕಗಟ್ಟಲೆ ಉಳಿಯುವ ವಿಷವೆಂದು ತಿಳಿದು, 1970ರ ದಶಕದಿಂದ ಒಂದೊಂದೇ ದೇಶ ಅವನ್ನು ನಿಷೇಧಿಸಿತು. ಅವುಗಳ ಬಳಕೆಯನ್ನು 2025ರೊಳಗೆ ನಿಲ್ಲಿಸಿ 2028ರೊಳಗೆ ಸುರಕ್ಷಿತವಾಗಿ ವಿಲೇವಾರಿ ಮಾಡಬೇಕೆಂದು 2001ರ ಸ್ಟಾಕ್‌ಹೋಮ್ ಒಪ್ಪಂದ ಗಡುವು ಹಾಕಿತು. ಪಿಸಿಬಿ ಬೆರೆತ ಎಣ್ಣೆಯನ್ನು ಗುರುತಿಸಿ ನಾಶಪಡಿಸುವ ಭಾರತದ ಯೋಜನೆಯಲ್ಲಿ, 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಪಾಲ್ಗೊಂಡಿದೆ. ನ್ಯಾನೋಕಣಗಳನ್ನು ಪಿಸಿಬಿಗೆ ಸರಿಗಟ್ಟುವುದು ಅನ್ಯಾಯ. ಆದರೂ ಸುಟ್ಟ ಟಿ.ಸಿ.ಯಿಂದ ಹೊಲಕ್ಕೆ ಸೋರಿದ ಎಣ್ಣೆಯಲ್ಲಿನ ಕಣಗಳು ಎಲ್ಲಿಗೆ ಹೋಗುತ್ತವೆ, ದುರಸ್ತಿ ಕೇಂದ್ರದಲ್ಲಿ ಬರಿಗೈಯಲ್ಲಿ ಸುರುಳಿ ಬಿಚ್ಚುವವರ ಚರ್ಮಕ್ಕೆ ಅವು ಏನು ಮಾಡುತ್ತವೆ ಎಂಬ ಪ್ರಶ್ನೆಗಳನ್ನು ಎಣ್ಣೆ ತುಂಬುವ ಮೊದಲೇ ಕೇಳುವ ಜಾಣತನವನ್ನು ಪಿಸಿಬಿಯ ಅನುಭವ ಕಲಿಸಿದೆ.

ನ್ಯಾನೋಕಣಗಳು ಹೆಚ್ಚು ಸಾರ್ಥಕವಾಗಬಹುದಾದ ಜಾಗ ಖನಿಜ ತೈಲಕ್ಕಿಂತ ಎಸ್ಟರ್ ದ್ರವಗಳಿರಬಹುದು. ಸೋಯಾ, ಸೂರ್ಯಕಾಂತಿ ಮುಂತಾದ ಸಸ್ಯತೈಲಗಳಿಂದ ತಯಾರಾಗುವ ಈ ದ್ರವಗಳು ಹತ್ತಿ ಉರಿಯಲು 300 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಮಣ್ಣಿಗೆ ಬಿದ್ದರೆ ಕೊಳೆತು ಕರಗುತ್ತವೆ, ಕಾಗದದ ತೇವವನ್ನು ತಾವು ಹೀರಿಕೊಂಡು ಅದರ ಮುಪ್ಪನ್ನು ಮುಂದೂಡುತ್ತವೆ. ಅವುಗಳ ಒಂದು ದೌರ್ಬಲ್ಯವೆಂದರೆ ಸಿಡಿಲಿನ ಅಲೆಯಲ್ಲಿ ಧನ ಸ್ಟ್ರೀಮರುಗಳು ಖನಿಜ ತೈಲದಲ್ಲಿಗಿಂತ ಕಡಿಮೆ ವೋಲ್ಟೇಜಿಗೇ ಅತಿವೇಗದ ಹಂತಕ್ಕೆ ನೆಗೆಯುವುದು; ನ್ಯಾನೋಕಣಗಳ ಬಲವಿರುವುದೋ ಧನ ಸ್ಟ್ರೀಮರುಗಳನ್ನು ತಡೆಯುವುದರಲ್ಲಿಯೇ. ಐಐಟಿ ಮದ್ರಾಸಿನಲ್ಲಿ ಆರ್. ಸಾರಥಿ ಮತ್ತು ಸಂಗಡಿಗರು ಎಸ್ಟರ್ ದ್ರವಗಳಿಗೆ ಟೈಟಾನಿಯಂ ಡೈಆಕ್ಸೈಡಿನಂಥ ಕಣಗಳನ್ನು ಬೆರೆಸಿ ನಡೆಸುತ್ತಿರುವ ಅಧ್ಯಯನಗಳು ಈ ದಿಕ್ಕಿನವು. ಕರ್ನಾಟಕದ ಬದುಗಳಲ್ಲಿ, ಸಾಲುಮರಗಳಲ್ಲಿ ಬೆಳೆಯುವ ಹೊಂಗೆಯ ಎಣ್ಣೆಯನ್ನೂ ಅವಾಹಕವಾಗಿ ಪರೀಕ್ಷಿಸಿದ್ದಾರೆ. ಅದರ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಪಾಲು ಓಲಿಯಿಕ್ ಆಮ್ಲವೇ ಎಂಬುದು, ಅದೇ ಆಮ್ಲ ನ್ಯಾನೋಕಣಗಳ ಲೇಪವೂ ಆಗಿರುವುದರಿಂದ, ಗಮನಿಸತಕ್ಕ ಸಂಗತಿ. ಸಸ್ಯತೈಲಗಳ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ಪ್ರತಿರೋಧ, ಖನಿಜ ತೈಲದ ಮೂರು ನಾಲ್ಕು ಪಟ್ಟು ಇರುವುದರಿಂದ ಅವು ತೊಟ್ಟಿಯಲ್ಲಿ ನಿಧಾನವಾಗಿ ಸುತ್ತುತ್ತವೆ. ಆದರೆ ಆಲ್ಬರ್ಟ್ ಐನ್‌ಸ್ಟೈನ್ 1906ರಲ್ಲಿ ರೂಪಿಸಿ 1911ರಲ್ಲಿ ತಿದ್ದಿದ ಸೂತ್ರದಂತೆ, ವಿರಳವಾಗಿ ತೇಲುವ ಗುಂಡುಕಣಗಳು ಸ್ನಿಗ್ಧತೆಯನ್ನು ಹೆಚ್ಚಿಸುವುದು ತಮ್ಮ ಗಾತ್ರಪಾಲಿನ ಎರಡೂವರೆ ಪಟ್ಟು ಮಾತ್ರ. ಸಾವಿರಕ್ಕೊಂದು ಪಾಲಿನ ಬೆರಕೆಯಿಂದ ಶೇಕಡಾ ಕಾಲು ಭಾಗದಷ್ಟು. ಆ ಹೊರೆ ಎಣ್ಣೆಯ ಸುತ್ತಾಟಕ್ಕೆ ಗೊತ್ತೇ ಆಗುವುದಿಲ್ಲ, ಕಣಗಳು ಮುದ್ದೆಗಟ್ಟದೆ ಬಿಡಿಯಾಗಿ ಉಳಿದಿರುವ ತನಕ.